ಸೋರಿಹೋಗುವ ಮಂದ್ರ

ಬೆಂಗಳೂರಿನ ವಿಜಯನಗರದ ಮೆಟ್ರೊ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ನನ್ನ ತಂಗಿಯ ಮಗ ಮೂರು ಡಬ್ಬಿಗಳನ್ನು ಗಾಜಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡು ನಿಂತಿದ್ದ. ಕೆಂಗೇರಿ ಕಡೆಯ ಎಂಜಿನಿಯರಿಂಗ್ ಕಾಲೇಜಿಗೆ ದಿನಾ ಹೋಗಿಬರುವ ಹುಡುಗ. ಕೈಯಲ್ಲಿದ್ದದ್ದು ಬಸ್ ಪಾಸಿನಲ್ಲಿ, ತಿಂಡಿಯಲ್ಲಿ ಉಳಿಸಿ ಕೂಡಿಟ್ಟ ದುಡ್ಡು.

"ಮಾವ, ಇದರಲ್ಲಿ 40 ಎಂಎಂ ಡ್ರೈವರ್ ಅಂತಿದೆ, ಅದರಲ್ಲಿ ಬರೀ 30. ಆದ್ರೆ 30ರದ್ದಕ್ಕೇ ಬೆಲೆ ಜಾಸ್ತಿ. ದೊಡ್ಡದು ಇದ್ರೆ ಒಳ್ಳೇದಲ್ವಾ? ನೀವೇ ಹೇಳಿ."

ಅವನ ಪ್ರಶ್ನೆ ಸರಿಯಾದದ್ದೇ. ಕಿವಿಯ ಮೇಲೆ ಕೂರುವ, ತಂತಿಯಿಲ್ಲದ, ಸಾಮಾನ್ಯರ ಕೈಗೆಟುಕುವ ಹೆಡ್‌ಫೋನ್‌ಗಳ ಅಂಕಿಅಂಶ ನೋಡಿದರೆ ಯಾರಿಗೂ ಹೀಗೇ ಅನ್ನಿಸುತ್ತದೆ. ಬೋಟ್ ಕಂಪನಿಯ ರಾಕರ್ಜ್ 450ರಲ್ಲಿ 40 ಮಿಲಿಮೀಟರಿನ ಡ್ರೈವರ್ ಇದೆ. ಜೆಬಿಎಲ್ ಟ್ಯೂನ್ 510ರಲ್ಲಿ 32. ಇವೆರಡಕ್ಕಿಂತ ಸಾಮಾನ್ಯವಾಗಿ ದುಬಾರಿಯಾದ ಸೋನಿಯ ಸಿಎಚ್520ರಲ್ಲಿ 30. ಡ್ರೈವರ್ ಅಂದರೆ ಇನ್ನೇನಲ್ಲ, ಒಂದು ಪುಟ್ಟ ಸ್ಪೀಕರ್. ತೆಳುವಾದ ಪ್ಲಾಸ್ಟಿಕ್ ಪೊರೆಯ ಹಿಂಭಾಗಕ್ಕೆ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ ಅಂಟಿರುತ್ತದೆ, ಆ ಸುರುಳಿ ಒಂದು ಆಯಸ್ಕಾಂತದ ಸಂದಿಯಲ್ಲಿ ತೇಲುತ್ತಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಪೊರೆ ಹಿಂದೆ ಮುಂದೆ ಆಡುತ್ತದೆ, ಎದುರಿನ ಗಾಳಿಯನ್ನು ತಳ್ಳಿ ಎಳೆಯುತ್ತದೆ. ಪೊರೆ ದೊಡ್ಡದಾದಷ್ಟೂ ಒಂದೇ ಆಟದಲ್ಲಿ ಹೆಚ್ಚು ಗಾಳಿ ತಳ್ಳಬಹುದು, ನಿಜ. ಆದರೆ ತಳ್ಳಿದ ಗಾಳಿ ಕಿವಿಯೊಳಗೇ ಉಳಿಯಬೇಕಲ್ಲ? ಅದನ್ನು ತೀರ್ಮಾನಿಸುವುದು ಡ್ರೈವರ್ ಅಲ್ಲ. ಅದರ ಸುತ್ತ ಇರುವ ಮೆತ್ತೆ, ಆ ಮೆತ್ತೆಯನ್ನು ಒತ್ತಿಹಿಡಿಯುವ ಪಟ್ಟಿ, ಮತ್ತು ನಿಮ್ಮ ಸ್ವಂತ ಕಿವಿ.

ಇದು ಮನಸ್ಸಿಗೆ ಇಳಿಯಬೇಕಾದರೆ ಪಂಕ್ಚರ್ ಅಂಗಡಿಗೆ ಹೋಗಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವ ಕೈಪಂಪಿನ ಬಾಯಿ ವಾಲ್ವಿಗೆ ಸರಿಯಾಗಿ ಕೂತಿಲ್ಲ ಅಂದುಕೊಳ್ಳಿ. ಹಿಡಿಕೆಯನ್ನು ನಿಧಾನವಾಗಿ ಒತ್ತಿದರೆ ಗಾಳಿಯೆಲ್ಲ ಸುಸ್ಸೆಂದು ಸಂದಿಯಿಂದಲೇ ಹೊರಗೆ ಹೋಗುತ್ತದೆ, ಟ್ಯೂಬು ಬಿಗಿಯಾಗುವುದಿಲ್ಲ. ಅದೇ ಹಿಡಿಕೆಯನ್ನು ಥಟ್ಟನೆ ಒತ್ತಿ. ಸಂದಿಯಿಂದ ನುಸುಳಿಕೊಳ್ಳಲು ಗಾಳಿಗೆ ಹೊತ್ತೇ ಸಿಗುವುದಿಲ್ಲ, ಒತ್ತಡ ಏರುತ್ತದೆ, ಒಂದಿಷ್ಟಾದರೂ ಒಳಗೆ ಹೋಗುತ್ತದೆ. ಹೆಡ್‌ಫೋನಿನ ಮೆತ್ತೆಗೂ ಕಿವಿಗೂ ನಡುವೆ ಸಂದಿ ಬಿಟ್ಟಾಗ ಆಗುವುದು ಇದೇ. ಸೆಕೆಂಡಿಗೆ 5000 ಸಲ ಕಂಪಿಸುವ ತಾರ ಸ್ವರದಲ್ಲಿ ಪೊರೆಯ ಒಂದೊಂದು ತಳ್ಳುವಿಕೆಗೆ ಸಿಗುವ ಸಮಯ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಮಾತ್ರ. ಗಾಳಿ ಸೋರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 50 ಸಲ ಕಂಪಿಸುವ ಮಂದ್ರ ಸ್ವರದಲ್ಲಿ ಅದರ ನೂರರಷ್ಟು ಸಮಯ, ಸೆಕೆಂಡಿನ ನೂರನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಗಾಳಿ ಆರಾಮವಾಗಿ ಹೊರನಡೆಯುತ್ತದೆ, ಜೊತೆಗೆ ಮಂದ್ರವೂ.

ಇಲ್ಲಿ ಇನ್ನೊಂದು ಸೊಗಸಿದೆ. 50 ಹರ್ಟ್ಸಿನ ಶಬ್ದದ ಒಂದು ಅಲೆಯ ಉದ್ದ ಗಾಳಿಯಲ್ಲಿ ಸುಮಾರು 7 ಮೀಟರ್. ನಮ್ಮ ಕಡೆಯ 20-30 ಸೈಟಿನ ಅಗಲಕ್ಕಿಂತ ಹೆಚ್ಚು. ಇಷ್ಟುದ್ದದ ಅಲೆಯನ್ನು ಬಿಸ್ಕತ್ತಿನಗಲದ ಪೊರೆ ಹುಟ್ಟಿಸುವುದು ಹೇಗೆ? ಹುಟ್ಟಿಸುವುದೇ ಇಲ್ಲ. ಕಿವಿ ಮತ್ತು ಮೆತ್ತೆಯ ನಡುವೆ ಸಿಕ್ಕಿಬಿದ್ದ ಒಂದು ಹಿಡಿ ಗಾಳಿಯನ್ನು ಹಿಂಡಿ ಬಿಡುತ್ತದೆ, ಅಷ್ಟೆ. ಆ ಹಿಡಿ ಗಾಳಿಯ ಒತ್ತಡ ಏರಿಳಿದಂತೆ ಕಿವಿತಮಟೆ ಆಡುತ್ತದೆ. ಕೋಣೆಯ ದೊಡ್ಡ ಸ್ಪೀಕರಿಗೆ ಸಾಧ್ಯವಿಲ್ಲದ ಮಿತವ್ಯಯ ಹೆಡ್‌ಫೋನಿಗೆ ಸಾಧ್ಯವಾಗಿರುವುದು ಇದರಿಂದ. ಆದರೆ ಆ ಮಿತವ್ಯಯವೆಲ್ಲ ಗಾಳಿ ಸೋರದಿದ್ದರೆ ಮಾತ್ರ.

ಕಿವಿಯನ್ನು ಪೂರ್ತಿ ಸುತ್ತುವರಿಯುವ ದೊಡ್ಡ ಹೆಡ್‌ಫೋನುಗಳ ಮೆತ್ತೆ ಕಿವಿಯ ಸುತ್ತಲಿನ ಚಪ್ಪಟೆ ಚರ್ಮದ ಮೇಲೆ ಕೂರುತ್ತದೆ. ಕಿವಿಯ ಮೇಲೆಯೇ ಕೂರುವವಕ್ಕೆ ಆ ಭಾಗ್ಯವಿಲ್ಲ. ಉಬ್ಬುತಗ್ಗಿನ ಮೃದ್ವಸ್ಥಿಯ ಮೇಲೆ ಕೂತು ಸಂದಿ ಮುಚ್ಚಬೇಕು, ಮತ್ತು ಇಬ್ಬರ ಕಿವಿ ಒಂದೇ ಥರ ಇರುವುದಿಲ್ಲ. ಒಂದೇ ಹೆಡ್‌ಫೋನನ್ನು ಒಬ್ಬರು ಬೇಸ್ ಭರ್ಜರಿಯಾಗಿದೆ ಎಂದೂ ಇನ್ನೊಬ್ಬರು ಡಬ್ಬದ ಸದ್ದು ಎಂದೂ ಹೇಳಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕನ್ನಡಕದ ಕಡ್ಡಿ, ದಪ್ಪ ಜಡೆಯ ಕೂದಲು ಕಿವಿಗೂ ಮೆತ್ತೆಗೂ ನಡುವೆ ಬಂದರೂ ಸಾಕು, ಗಾಳಿ ಸೋರುತ್ತದೆ.

ಈ ಹುಡುಗನ ಅಜ್ಜಿ, ಅಂದರೆ ನನ್ನ ತಾಯಿ, ಒಮ್ಮೆ ಹರಿಕಥೆ ಕೇಳಲು ನನ್ನ ಹೆಡ್‌ಫೋನ್ ಹಾಕಿಕೊಂಡಿದ್ದರು. ಐದು ನಿಮಿಷಕ್ಕೆ ತೆಗೆದಿಟ್ಟರು. "ಚುಚ್ಚತ್ತೆ ಕಣೋ" ಅಂದರು. ನೋಡಿದರೆ ಓಲೆಯ ತಿರುಪು. ಮೆತ್ತೆ ಮುಂದಿನಿಂದ ಕಿವಿಯನ್ನು ಒತ್ತಿದಾಗ ಹಿಂಭಾಗದ ತಿರುಪು ತಲೆಬುರುಡೆಗೆ ನೆಟ್ಟು ಕೂತಿತ್ತು. ಓಲೆ ಮುಂದಕ್ಕೆ ಚಾಚಿಕೊಂಡಿದ್ದರಿಂದ ಮೆತ್ತೆಯ ಕೆಳತುದಿಯಲ್ಲಿ ಕಡಲೆಬೀಜದಷ್ಟು ಸಂದಿ ಬೇರೆ ಬಿಟ್ಟಿತ್ತು. ನೋವೂ ಸೋರಿಕೆಯೂ ಒಂದೇ ಕಾರಣಕ್ಕೆ. ಪೆಟ್ಟಿಗೆಯ ಮೇಲಿನ ಯಾವ ಅಂಕಿಯೂ ಇದನ್ನು ಹೇಳುವುದಿಲ್ಲ. ದಿನಾ ಓಲೆ, ಜುಮುಕಿ ಹಾಕುವವರು ಅವನ್ನು ಹಾಕಿಕೊಂಡೇ ಪರೀಕ್ಷಿಸಬೇಕು, ಕನ್ನಡಕದವರು ಕನ್ನಡಕ ಹಾಕಿಕೊಂಡೇ.

ಪರೀಕ್ಷೆ ಬಹಳ ಸರಳ. ಮಂದ್ರ ಹೆಚ್ಚಿರುವ ಹಾಡೊಂದನ್ನು ಹಾಕಿ, ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಮಂದ್ರ ಒಮ್ಮೆಲೇ ತುಂಬಿಕೊಂಡು, ಬಿಟ್ಟಾಗ ಬಡವಾದರೆ ಆ ಹೆಡ್‌ಫೋನ್ ನಿಮ್ಮ ಕಿವಿಗೆ ಕೂರುತ್ತಿಲ್ಲ. ಒತ್ತಿದರೂ ಬಿಟ್ಟರೂ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಕೂರುತ್ತಿದೆ. ಆಮೇಲೆ ಇಪ್ಪತ್ತು ನಿಮಿಷ ತೆಗೆಯದೆ ಹಾಕಿಕೊಂಡಿರಿ. ಸೋರಿಕೆ ತಡೆಯಲೆಂದು ಪಟ್ಟಿಯನ್ನು ತೀರ ಬಿಗಿ ಮಾಡಿದ್ದರೆ ಕಿವಿಯ ಮೇಲಂಚು ಅಷ್ಟರಲ್ಲಿ ಕಾದು ನೋಯತೊಡಗುತ್ತದೆ.

ಬೆಲೆಯ ವಿಚಾರಕ್ಕೆ ಬರೋಣ. ಯೆರೂನ್ ಬ್ರೇಬಾರ್ಟ್ ಎಂಬ ಶಬ್ದವಿಜ್ಞಾನಿ 283 ಹೆಡ್‌ಫೋನುಗಳ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿ 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಮಂದ್ರದಿಂದ ತಾರದವರೆಗೆ ಯಾವ ಸ್ವರಕ್ಕೆ ಎಷ್ಟು ಬಲ ಸಿಗುತ್ತದೆ ಎಂಬುದಕ್ಕೂ ಹೆಡ್‌ಫೋನಿನ ಬೆಲೆಗೂ ಅವರಿಗೆ ಸಂಬಂಧವೇ ಕಾಣಲಿಲ್ಲ. ದುಬಾರಿ ಹೆಡ್‌ಫೋನಿನಲ್ಲಿ ಗಟ್ಟಿತನ, ಮೆತ್ತೆಯ ಗುಣಮಟ್ಟ, ಹೊರಗದ್ದಲ ತಗ್ಗಿಸುವ ವ್ಯವಸ್ಥೆ ಇರಬಹುದು. ನಾದದ ಸಮತೋಲ ಮಾತ್ರ ಬೆಲೆಯ ಬೆನ್ನು ಹಿಡಿದು ಬರುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಕೊಳ್ಳುವವರಿಗೆ ವಿಜ್ಞಾನ ಕೊಟ್ಟ ಬಹಳ ಒಳ್ಳೆಯ ಸುದ್ದಿ ಇದು ಎಂದು ನಾನು ತಿಳಿದಿದ್ದೇನೆ.

ಹಾಗಾದರೆ ಸಮತೋಲ ಅಂದರೆ ಎಲ್ಲ ಸ್ವರಕ್ಕೂ ಸಮ ಬಲವೇ? ಅಲ್ಲ. ನಮ್ಮ ಕಿವಿಯ ನಾಳ ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಕೊಳಲಿನೊಳಗಿನ ಗಾಳಿ ತನಗೊಪ್ಪುವ ಸ್ವರವನ್ನು ಎತ್ತಿಹಿಡಿಯುವಂತೆ ಈ ಕೊಳವೆ 3000 ಹರ್ಟ್ಸಿನ ಆಸುಪಾಸಿನ ಶಬ್ದವನ್ನು ಹಿಗ್ಗಿಸುತ್ತದೆ. ಹೊರಕಿವಿಯ ಬಟ್ಟಲೂ ಕೈಜೋಡಿಸುತ್ತದೆ. ಹುಟ್ಟಿದಾಗಿನಿಂದ ಲೋಕವನ್ನು ಹೀಗೆ ಕೇಳಿಸಿಕೊಂಡಿರುವ ಮಿದುಳಿಗೆ ಇದೇ ಸಹಜ. ಹೆಡ್‌ಫೋನು ಕಿವಿಯ ಬಾಗಿಲಿಗೇ ಬಂದು ಕೂತು ಹೊರಕಿವಿಯನ್ನು ಚಪ್ಪಟೆ ಮಾಡುವುದರಿಂದ ಈ ಹಿಗ್ಗುವಿಕೆ ಕೆಡುತ್ತದೆ. ಅದಕ್ಕೇ ಒಳ್ಳೆಯ ಹೆಡ್‌ಫೋನಿನಲ್ಲಿ ಆ ಪ್ರದೇಶವನ್ನು ಬೇಕೆಂದೇ ತುಸು ಎತ್ತಿರುತ್ತಾರೆ. ಎತ್ತದಿದ್ದರೆ ಹಾಡುವವರು ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಂತೆ ಕೇಳುತ್ತದೆ, ಅತಿಯಾಗಿ ಎತ್ತಿದರೆ ಕಿವಿಗೆ ರಾಚುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ "20 ಹರ್ಟ್ಸ್‌ನಿಂದ 20,000 ಹರ್ಟ್ಸ್" ಎಂಬ ಸಾಲು ಇದರ ಬಗ್ಗೆ ಏನೂ ಹೇಳುವುದಿಲ್ಲ. ಆ ಹರವಿನೊಳಗೆ ಏರಿಳಿತ ಎಷ್ಟು ಡೆಸಿಬೆಲ್ ಎಂದು ಬರೆಯದ ಮೇಲೆ ಆ ಸಾಲು ಎಲ್ಲ ಹೆಡ್‌ಫೋನಿಗೂ ಒಪ್ಪುತ್ತದೆ.

ಅಂಗಡಿಯಲ್ಲಿ ಹೋಲಿಸಿ ನೋಡುವಾಗ ಒಂದು ಮೋಸದಿಂದ ತಪ್ಪಿಸಿಕೊಳ್ಳಬೇಕು. ಎರಡರಲ್ಲಿ ಯಾವುದು ಕೊಂಚ ಜೋರೋ ಅದೇ ಚೆಂದ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ ಮೆಲುದನಿಯಲ್ಲಿ ನಮ್ಮ ಕಿವಿಗೆ ಮಂದ್ರ ಕಡಿಮೆ ಕೇಳುತ್ತದೆ, ದನಿ ಏರಿದಂತೆ ಮಂದ್ರ ತುಂಬಿಕೊಳ್ಳುತ್ತದೆ. ಬರೀ ವಾಲ್ಯೂಮ್ ಹೆಚ್ಚಿದ್ದಕ್ಕೆ ಬೇಸ್ ಚೆನ್ನಾಗಿದೆ ಅನ್ನಿಸುವುದು ಹೀಗೆ. ಕೆಲವು ವರ್ಷದ ಹಿಂದೆ ನಾನೂ ಒಂದು ಅಂಗಡಿಯಲ್ಲಿ ಭಾರಿ ಸದ್ದಿನಲ್ಲಿ ಎರಡು ನಿಮಿಷ ಕೇಳಿ ಒಂದನ್ನು ಕೊಂಡು ತಂದಿದ್ದೆ. ಮನೆಯಲ್ಲಿ ರಾತ್ರಿ ಮೆಲ್ಲಗೆ ಹಾಕಿದರೆ ಗಾಯಕಿಯ ದನಿ ಕಂಬಳಿ ಹೊದ್ದಂತೆ ಮಂಕಾಗಿತ್ತು. ಹೋಲಿಸುವ ಮುಂಚೆ ಮಾತಿನ ಧ್ವನಿಮುದ್ರಣವೊಂದನ್ನು ಹಾಕಿ, ಎದುರು ಕೂತವರು ಮಾತಾಡುವಷ್ಟೇ ಮಟ್ಟಕ್ಕೆ ಎರಡನ್ನೂ ಹೊಂದಿಸಿಕೊಂಡರೆ ಈ ಮೋಸ ಬಹುಮಟ್ಟಿಗೆ ತಪ್ಪುತ್ತದೆ.

ಮಾತು ಅಂದಾಗ, ನಮ್ಮ ಕನ್ನಡವೇ ಒಂದು ಒಳ್ಳೆಯ ಅಳತೆಗೋಲು. ಮನೆಯವರೊಬ್ಬರ ಕೈಲಿ ಈ ಜೋಡಿಗಳನ್ನು ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ: ಸರ, ಶರ. ಹುಲಿ, ಹುಳಿ. ಮನೆ, ಮಣೆ. ಶಕಾರದ ಉಸಿರು ಸುಮಾರು 2500 ಹರ್ಟ್ಸಿನಿಂದಲೇ ಬಲವಾಗಿರುತ್ತದೆ, ಸಕಾರದ್ದು 4000ಕ್ಕಿಂತ ಮೇಲೆ. ಲಕಾರ ಮತ್ತು ಳಕಾರ, ನಕಾರ ಮತ್ತು ಣಕಾರ ಬೇರೆಯಾಗುವುದು ನಾಲಿಗೆ ಮಡಚಿದಾಗ 2000 ಹರ್ಟ್ಸಿನ ಆಚೀಚೆ ಆಗುವ ಸೂಕ್ಷ್ಮ ಬದಲಾವಣೆಯಿಂದ. ಇವೆಲ್ಲ ತಡವರಿಸದೆ, ಸಕಾರ ಸಿಳ್ಳೆಯಾಗದೆ ಕೇಳಿದರೆ ನಡುವಿನ ಮತ್ತು ತಾರದ ಪ್ರದೇಶ ಹದವಾಗಿದೆ ಎಂದರ್ಥ. ಯಾವುದೋ ಸಿನಿಮಾ ಹಾಡನ್ನು ಸ್ಟುಡಿಯೊದಲ್ಲಿ ಹೇಗೆ ತಿದ್ದಿದ್ದಾರೋ ನಮಗೆ ಗೊತ್ತಿಲ್ಲ. ಅಮ್ಮನ ದನಿ ಹೇಗಿದೆ ಎಂಬುದು ಗೊತ್ತು.

ಎರಡನೇ ಅಳತೆಗೋಲು ಮೃದಂಗ. ಬರೀ ಚರ್ಮ ಬಿಗಿದ ಡೋಲಿನಲ್ಲಿ ಮೂಲಸ್ವರದ ಜೊತೆ ಹುಟ್ಟುವ ಮೇಲುಸ್ವರಗಳು 1.59, 2.14, 2.30 ಪಟ್ಟು ಎಂಬಂಥ ಒಡಕು ಲೆಕ್ಕದಲ್ಲಿರುತ್ತವೆ, ಆದ್ದರಿಂದ ಅದರ ಸದ್ದಿಗೆ ಶ್ರುತಿ ನಿಲ್ಲುವುದಿಲ್ಲ. ಮೃದಂಗ, ತಬಲಾಗಳ ಬಲಗಡೆಯ ಕಪ್ಪು ಕರಣೆ ಈ ಲೆಕ್ಕವನ್ನೇ ಬದಲಿಸಿ ಮೇಲುಸ್ವರಗಳನ್ನು 2, 3, 4, 5 ಪಟ್ಟಿನ ಸಾಲಿಗೆ ತರುತ್ತದೆ. ಇದನ್ನು ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ರಾಮನ್ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ ತಾವೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಹೆಡ್‌ಫೋನಿನಲ್ಲಿ ಬಲಗೈಯ ಪೆಟ್ಟಿನಲ್ಲಿ ಶ್ರುತಿ ಸ್ಪಷ್ಟವಾಗಿ ನಿಲ್ಲಬೇಕು. ಎಡಗಡೆಗೆ ಕಛೇರಿಗೆ ಮುನ್ನ ರವೆ ಕಲಸಿ ಮೆತ್ತುತ್ತಾರಲ್ಲ, ಆ ಗುಮ್ಮೆನ್ನುವ ಪೆಟ್ಟು ಹೊಟ್ಟೆಯೊಳಗೆ ತಾಗಿದಂತಿದ್ದು ಕೂಡಲೇ ನಿಲ್ಲಬೇಕು, ಮುಂದಿನ ಪೆಟ್ಟಿನ ಮೇಲೆ ಮಲಗಿಕೊಳ್ಳಬಾರದು. ಒಂದು ತನಿ ಆವರ್ತನ ಕೇಳಿದರೆ ಸೋರಿಕೆ, ಸಮತೋಲ ಎರಡರ ಜಾತಕವೂ ಸಿಗುತ್ತದೆ. ಇಲ್ಲಿ ಒಂದು ಎಚ್ಚರ: ಮೂಲಸ್ವರ ಸೋರಿಹೋದರೂ ಅದರ ಮೇಲುಸ್ವರಗಳಿಂದ ಮಿದುಳು ಅದನ್ನು ಊಹಿಸಿ ತುಂಬಿಕೊಳ್ಳುತ್ತದೆ. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲೂ ತಂಬೂರಿಯ ಮಂದ್ರ ಷಡ್ಜದ ಶ್ರುತಿ ಹಿಡಿಯಲಾಗುವುದು ಇದರಿಂದಲೇ. ಆದ್ದರಿಂದ ಶ್ರುತಿ ಕೇಳಿತೇ ಎಂದಲ್ಲ, ಮೈತುಂಬ ಕೇಳಿತೇ ಎಂದು ನೋಡಬೇಕು.

ತಂತಿಯಿಲ್ಲದ ಭಾಗಕ್ಕೆ ಬಂದರೆ, ಬ್ಲೂಟೂತ್ 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ವೈಫೈ ಅಲ್ಲೇ, ಮೈಕ್ರೊವೇವ್ ಒಲೆಯೂ ಅಲ್ಲೇ. ಈ ಸಂತೆಯಲ್ಲಿ ಮಾತು ಕೆಡದಿರಲೆಂದು ಅದು ಪಟ್ಟಿಯನ್ನು 79 ಓಣಿಗಳಾಗಿ ವಿಂಗಡಿಸಿಕೊಂಡು, ಸೆಕೆಂಡಿಗೆ 1600 ಸಲ ಓಣಿಯಿಂದ ಓಣಿಗೆ ಜಿಗಿಯುತ್ತದೆ, ಗದ್ದಲವಿರುವ ಓಣಿಗಳನ್ನು ಬಿಟ್ಟು ನಡೆಯುತ್ತದೆ. ಮೆಜೆಸ್ಟಿಕ್‌ನಲ್ಲಿ ನೂರಾರು ಜನ ಒತ್ತಿಕೊಂಡು ನಿಂತಾಗಲೂ ನಿಮ್ಮ ಹಾಡು ಬಹುಮಟ್ಟಿಗೆ ಕಡಿಯದೆ ಬರುವುದು ಈ ಜಿಗಿತದಿಂದ.

ವಿಚಿತ್ರವೆಂದರೆ, ಜನರೇ ಇಲ್ಲದ ಬಯಲಿನಲ್ಲಿ ಅದು ಕಡಿಯಬಹುದು. ಜ್ಞಾನಭಾರತಿ ಆವರಣದ ಮರಗಳ ನಡುವೆ ಬೆಳಗಿನ ವಾಕಿಂಗ್ ಹೋದಾಗ, ಮೊಬೈಲು ಪ್ಯಾಂಟಿನ ಎಡ ಹಿಂಜೇಬಿನಲ್ಲಿದ್ದರೆ ನನ್ನ ಹೆಡ್‌ಫೋನ್ ಆಗಾಗ ತೊದಲುತ್ತಿತ್ತು. ಮನೆಯೊಳಗೆ ಎಂದೂ ಹಾಗಾಗಿರಲಿಲ್ಲ. ಈ ಅಲೆಗಳನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಮನೆಯಲ್ಲಾದರೆ ಗೋಡೆ, ತಾರಸಿಗೆ ಬಡಿದ ಅಲೆ ಸುತ್ತಿಬಳಸಿ ಕಿವಿಯನ್ನು ತಲುಪುತ್ತದೆ. ಬಯಲಲ್ಲಿ ಹಾಗೆ ಬಡಿಯಲು ಗೋಡೆ, ತಾರಸಿ ಇಲ್ಲ, ಮೈಯನ್ನೇ ಹಾಯ್ದು ಬರಬೇಕು. ಮೊಬೈಲನ್ನು ಅಂಗಿಯ ಮೇಲುಜೇಬಿಗೆ ಹಾಕಿದೆ, ತೊದಲು ನಿಂತಿತು. ಹೊಸದನ್ನು ಕೊಂಡವರು ವಾಪಸು ಕೊಡುವ ಗಡುವಿನೊಳಗೆ ಒಮ್ಮೆ ಬಯಲಿನಲ್ಲಿ ನಡೆದು ನೋಡುವುದು ಒಳ್ಳೆಯದು.

ಇನ್ನೊಂದು ದೂರು ಆನ್‌ಲೈನ್ ಕ್ಲಾಸಿನ ಮಕ್ಕಳದ್ದು: ಮೈಕ್ ಆನ್ ಆದ ಕೂಡಲೇ ಸದ್ದು ಹಳೇ ಟೆಲಿಫೋನಿನಂತಾಗುತ್ತದೆ. ಕೆಟ್ಟಿಲ್ಲ. ಹಾಡು ಕೇಳುವಾಗ ದಾರಿ ಒಂದೇ ಕಡೆಗೆ ತೆರೆದಿರುತ್ತದೆ, ಮಾತಾಡುವಾಗ ಹೋಗಲೂ ಬರಲೂ ಹಂಚಿಕೊಳ್ಳಬೇಕು. ಅದಕ್ಕೆ ಬ್ಲೂಟೂತ್ ಬೇರೊಂದು ವಿಧಾನಕ್ಕೆ ಹೊರಳಿ, ಶಬ್ದವನ್ನು ಸಾಮಾನ್ಯವಾಗಿ ಸೆಕೆಂಡಿಗೆ 8000 ಅಥವಾ 16,000 ಸಲ ಮಾತ್ರ ಅಳೆಯುತ್ತದೆ. 8000 ಅಂದರೆ 4000 ಹರ್ಟ್ಸಿನಾಚೆಯದ್ದೆಲ್ಲ ಹೋಯಿತು, ಸಕಾರದ ಮನೆಯೇ ಹೋಯಿತು. ಇನ್ನು, ಹಾಡನ್ನು ಕುಗ್ಗಿಸಿ ಕಳಿಸುವ ಕೋಡೆಕ್‌ಗಳ ಹೆಸರಿಗೆ ಹೆಚ್ಚು ದುಡ್ಡು ಕೊಡುವುದನ್ನು ನಾನು ಒಪ್ಪುವುದಿಲ್ಲ. ಎಲ್ಲ ಹೆಡ್‌ಫೋನಿನಲ್ಲೂ ಇರುವ ಎಸ್‌ಬಿಸಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಕಳಿಸಬಲ್ಲದು. ಮೆತ್ತೆಯಂಚಿನಲ್ಲಿ ಕಡಲೆಬೀಜದಷ್ಟು ಸಂದಿ ಇರುವಾಗ ಅದಕ್ಕಿಂತ ಮೇಲಿನದು ಏನನ್ನು ಉಳಿಸಬಲ್ಲದು? ದುಡ್ಡು ಉಳಿದಿದ್ದರೆ ಬದಲಿ ಮೆತ್ತೆ ಸಿಗುವ ಮಾದರಿಗೆ ಕೊಡಿ. ಬೆವರು ತಾಗಿ ರೆಕ್ಸಿನ್ ಸಿಪ್ಪೆಯೇಳುವುದು ಖಂಡಿತ, ಸಿಪ್ಪೆಯೆದ್ದ ಮೆತ್ತೆ ಸೋರುತ್ತದೆ.

ಈಗ ಬಹಳ ಮುಖ್ಯವಾದ ವಿಷಯ. ಕಿವಿಯ ಮೇಲೆ ಕೂರುವ ಹೆಡ್‌ಫೋನು ಹೊರಗಿನ ಸದ್ದನ್ನು, ಅದರಲ್ಲೂ ಬಸ್ಸಿನ ಎಂಜಿನ್ನಿನಂಥ ಮಂದ್ರ ಗದ್ದಲವನ್ನು, ಹೆಚ್ಚು ತಡೆಯಲಾರದು. ಮಂದ್ರ ಗದ್ದಲಕ್ಕೆ ಒಂದು ಕೆಟ್ಟ ಗುಣವಿದೆ: ತನಗಿಂತ ಮೇಲಿನ ಸ್ವರಗಳನ್ನೂ ಮುಚ್ಚಿಬಿಡುತ್ತದೆ. ಕಾರ್ಡ್ ರೋಡಿನಲ್ಲಿ ಬಸ್ಸು ಪಕ್ಕಕ್ಕೆ ಬಂದಾಗ, ಮಾಗಡಿ ರಸ್ತೆ ನಿಲ್ದಾಣ ದಾಟಿ ಮೆಟ್ರೊ ಸುರಂಗಕ್ಕೆ ಇಳಿದು ಗೋಡೆಗಳು ಗಾಲಿಯ ಸದ್ದನ್ನು ವಾಪಸು ಎಸೆಯುವಾಗ, ಬೆರಳು ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಗದ್ದಲ ಇಳಿದ ಮೇಲೆ ಅದೇ ಬೆರಳು ವಾಲ್ಯೂಮ್ ಇಳಿಸಲು ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು ವಾರಕ್ಕೆ 40 ಗಂಟೆ 80 ಡೆಸಿಬೆಲ್‌ನಲ್ಲಿ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 92ಕ್ಕೆ ಎರಡೂವರೆ. ವಾಲ್ಯೂಮಿನ ಕೆಲವೇ ಮೆಟ್ಟಿಲು ಹತ್ತಿದರೆ ವಾರದ ಪಾಲನ್ನು ಎರಡು ದಿನದ ಪ್ರಯಾಣದಲ್ಲೇ ಮುಗಿಸಬಹುದು. ಖರ್ಚಾಗುವುದು ಒಳಕಿವಿಯ ಬಸವನಹುಳುವಿನಂಥ ಸುರುಳಿಯೊಳಗಿನ ರೋಮಕೋಶಗಳು. ಒಂದೊಂದು ಕಿವಿಯಲ್ಲಿ ಇರುವುದು ಹದಿನೈದು ಸಾವಿರದಷ್ಟು, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸದ್ದಿನಿಂದಾದ ಗಾಯ ಸಾಮಾನ್ಯವಾಗಿ ಮೊದಲು ಕಾಣಿಸುವುದು 4000 ಹರ್ಟ್ಸಿನ ಸುತ್ತ. ಸರ, ಶರಗಳ ವ್ಯತ್ಯಾಸ ವಾಸವಾಗಿರುವ ಜಾಗವದು. ನಮ್ಮ ಮೆಟ್ರೊದ ನೇರಳೆ ಮಾರ್ಗದ ಪಕ್ಕದಲ್ಲೇ ಸಾಗುವ ರಸ್ತೆ ಹೋಗಿ ಸೇರುವ ಮೈಸೂರಿನಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲದಿದ್ದರೆ ಅಂಥ ಕಡೆ ಹೋಗಿ ಆಡಿಯೊಗ್ರಾಂ ಮಾಡಿಸಬೇಕು, ಹೊಸ ಹೆಡ್‌ಫೋನ್ ಹುಡುಕಬಾರದು.

ಆವತ್ತು ಅಂಗಡಿಯಲ್ಲಿ ಹುಡುಗ ಮೂರನ್ನೂ ಕನ್ನಡಕದ ಮೇಲೆ ಹಾಕಿಕೊಂಡು, ಅಂಗೈಯಿಂದ ಒತ್ತಿ ಬಿಟ್ಟು ನೋಡಿದ. ಎರಡರಲ್ಲಿ ಮಂದ್ರ ಬಂದು ಬಂದು ಹೋಯಿತು. ಮೂರನೆಯದರಲ್ಲಿ ನಿಂತಿತು. ಅದು ಮೂರರಲ್ಲಿ ನಡುಬೆಲೆಯದ್ದು. ಕೊಂಡು ಮೇಲೆ ಹತ್ತಿ ರೈಲು ಹಿಡಿದೆವು. ಅವನು ಅಜ್ಜಿಯ ದನಿಯ ರೆಕಾರ್ಡಿಂಗ್ ಹಾಕಿಕೊಂಡ.

"ಮಾವ, ಎಷ್ಟಕ್ಕೆ ಇಡ್ಲಿ ವಾಲ್ಯೂಮು?"

"ಮುಂದಿನ ನಿಲ್ದಾಣ ಯಾವುದು ಅಂತ ಹೇಳ್ತಾರಲ್ಲ, ಅದು ಕೇಳಿಸ್ಬೇಕು. ಅಷ್ಟಕ್ಕೇ ಇಡು."

ಅವನು ಬೆರಳಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದ. ಅತ್ತಿಗುಪ್ಪೆಯ ಘೋಷಣೆ ಬಂದಾಗ ತಲೆ ಅಲ್ಲಾಡಿಸಿದ, ಸರಿಯಾಗಿ ಕೇಳಿಸಲಿಲ್ಲ. ಇನ್ನೆರಡು ಮೆಟ್ಟಿಲು ಇಳಿಸಿದ. ದೀಪಾಂಜಲಿನಗರ ಎಂದು ಕೂಗಿದಾಗ ನನ್ನ ಕಡೆ ತಿರುಗಿ ಹೆಬ್ಬೆರಳೆತ್ತಿದ. ಕೆಂಗೇರಿಯವರೆಗೂ ಅಲ್ಲಿಂದ ಮೇಲೇರಿಸಲಿಲ್ಲ.